ಹಿಂದಿನಿಂದ ಕರೆದರೆ ಓಗೊಡದ ಮಕ್ಕಳು

ನಾನು ನಿವೃತ್ತನಾದಾಗ ನನ್ನ ತಲೆಯಲ್ಲಿ ಒಂದೂ ಬಿಳಿಗೂದಲಿರಲಿಲ್ಲ. ಯೋಜನೆ ಮುಗಿಯಿತು, ಆ ಹುದ್ದೆಯನ್ನು ತೆಗೆದುಹಾಕಿದ್ದೇವೆ ಎಂದು ಮೇಲಿನವರು ಹೇಳಿದರು. ಮೂವತ್ತು ದಾಟಿದ ಕೆಲವೇ ವರ್ಷಕ್ಕೆ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಪಡೆದು ಮನೆಗೆ ಬಂದವನು ರಾಯದುರ್ಗದಲ್ಲಿ ನಾನೊಬ್ಬನೇ ಇರಬೇಕು. ಗಡಿಯಾರ ಈಗಲೂ ಓಡುತ್ತಿದೆ. ಬೇರೆ ಹೆಸರಿನ ಯೋಜನೆಯಲ್ಲಿ ಇದೇ ಕೆಲಸಕ್ಕೆ ಈಗ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಬಂದು, ‘ಸಾರ್, ನಿಮ್ಮ ಅನುಭವ ಹೇಳಿ’ ಎನ್ನುತ್ತಾರೆ. ಅವರಿಗೆ ಬೇಕಿರುವುದು ನಾನು ನಮ್ಮ ಮಂಡಲದ ಶಿಕ್ಷಣಾಧಿಕಾರಿ ಎಂ.ಇ.ಓ. ಸಾಹೇಬರ ದನಿಯಲ್ಲಿ ಬೈಯುವುದನ್ನು ಕೇಳುವುದು. ಅದನ್ನೂ ಮಾಡುತ್ತೇನೆ. ಆದರೆ ಒಂದು ದನಿಯನ್ನು ಮಾತ್ರ ಮಾಡುವುದಿಲ್ಲ. ಯಾಕೆಂದು ಬಾಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಕೆಲಸ ಶಿಕ್ಷಕರಿಗೆ ತರಬೇತಿ ಕೊಡುವುದು. ಪರದೇಶದವರು ಬಿಟ್ಟುಹೋದ ಪಾಠದ ರೀತಿಯನ್ನು ಬಿಟ್ಟು, ಊರಿನ ಜನರ ತಿಳಿವಳಿಕೆಯನ್ನು, ಅವರು ಲೋಕವನ್ನು ನೋಡುವ ಬಗೆಯನ್ನು ತರಗತಿಯೊಳಗೆ ತರುವುದು ಹೇಗೆ ಎಂಬುದು ವಿಷಯ. ಇದನ್ನು ಹೇಳಿಕೊಡಲು ನಮಗೆ ಬಂದ ಮಾಡ್ಯೂಲ್ ಇಂಗ್ಲಿಷಿನಲ್ಲಿತ್ತು. ಅದನ್ನು ಯಾರೋ ತೆಲುಗಿಗೆ ಮಾಡಿದ್ದರು. ಆ ತೆಲುಗನ್ನು ಆಂಧ್ರದ ಗಡಿಯಲ್ಲಿರುವ ನಮ್ಮ ಕನ್ನಡ ಮೀಡಿಯಂ ಶಿಕ್ಷಕರಿಗೆ ಕನ್ನಡದಲ್ಲಿ ಹೇಳಲು ನನ್ನನ್ನು ಇಟ್ಟುಕೊಂಡಿದ್ದರು. ಮೊದಲ ಪುಟದಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ, ಯಾವುದೋ ದೂರ ದೇಶದ ಮುದುಕನ ಚಿತ್ರ. ‘ಇವರು ಯಾವ ಮಂಡಲದವರ್ರಿ?’ ಎಂದು ಕಣೇಕಲ್ಲಿನ ಒಬ್ಬ ಮೇಷ್ಟ್ರು ಗಂಭೀರವಾಗಿ ಕೇಳಿದರು. ಬೊಮ್ಮನಹಾಳ್ ಕಡೆಯವರಿರಬೇಕು ಎಂದೆ. ಬೊಮ್ಮನಹಾಳಿನವರು ಊಟಕ್ಕೆ ಬಿಡುವವರೆಗೂ ನನ್ನೊಂದಿಗೆ ಮಾತಾಡಲಿಲ್ಲ.

ಮೊದಲ ವರ್ಷದ ತಪ್ಪುಗಳನ್ನು ಹೇಳಿಬಿಡುತ್ತೇನೆ, ನೀವೂ ಮಾಡುತ್ತೀರಿ. ರಾಯದುರ್ಗದ ಶಾಲೆಯೊಂದರಲ್ಲಿ ಶಾರದಮ್ಮ ಎಂಬ ಉತ್ಸಾಹದ ಟೀಚರು ಮಕ್ಕಳ ಮನೆಗಳಿಂದ ಮೊರ, ಒನಕೆ, ಕಂಬಳಿ, ಕುರಿಯ ಗಂಟೆ ತರಿಸಿ, ಮೇಜಿನ ಮೇಲೆ ಜೋಡಿಸಿ, ಚೀಟಿ ಅಂಟಿಸಿ, ‘ಮುಟ್ಟಬಾರದು’ ಎಂದು ಬರೆದಿದ್ದರು. ಎಂ.ಇ.ಓ. ಸಾಹೇಬರು ಬಂದು ರಿಬ್ಬನ್ ಕತ್ತರಿಸಿದರು. ಮಕ್ಕಳು ಕೈಕಟ್ಟಿ ಸಾಲಾಗಿ ನಿಂತು ತಮ್ಮ ಮನೆಯ ಅಡುಗೆಮನೆಯನ್ನು ದೂರದಿಂದ ನೋಡಿದರು. ಕೊನೆಗೆ ಒಬ್ಬ ಹುಡುಗಿ ಕೇಳಿದಳು, ‘ಟೀಚರ್, ನಮ್ಮ ಮೊರ ಕೊಡ್ರಿ. ಅವ್ವ ಜೀನ್ಸ್ ಹೊಲಿಯೋದು ಮುಗ್ಸಿ ಅಕ್ಕಿ ಕೇರಬೇಕು, ಬೈತಾಳ.’ ಸಾಹೇಬರು ಆ ಮೊರದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಆ ಮನೆಯಲ್ಲಿ ಆವತ್ತು ಊಟ ತಡವಾಯಿತು.

ಆಮೇಲೆ ನಾನು ಮಾಡ್ಯೂಲನ್ನು ಚೀಲದಲ್ಲೇ ಬಿಟ್ಟು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದೆ. ಚಿಕ್ಕಂದಿನಿಂದ ನಾನು ಕೇಳಿದ ದನಿ ನನ್ನ ಗಂಟಲಲ್ಲಿ ಉಳಿದುಬಿಡುತ್ತದೆ. ಕಂಡಕ್ಟರು, ಸಂತೆಯ ಕುರಿ ದಲ್ಲಾಳಿ, ನಮ್ಮ ಅವ್ವ, ಅವ್ವನನ್ನು ಬೈಯುವ ಅಜ್ಜಿ. ಶಾಲೆಯಿಂದ ಶಾಲೆಗೆ ತಿರುಗುವಾಗ ಈ ಕಿವಿಗೆ ಒಂದು ವಿಚಿತ್ರ ತಟ್ಟಿತು. ಶಿಕ್ಷಕರು ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಥರ ಮಾತಾಡುತ್ತಾರೆ. ಹಾಜರಿ ಪುಸ್ತಕ ತೆರೆದ ಕೂಡಲೇ ಎಲ್ಲರಿಗೂ ಒಂದೇ ದನಿ ಬರುತ್ತದೆ. ಮುಖ ಕೆಳಗೆ, ಮೂಗಿನಿಂದ ಅರ್ಧ ಗಾಳಿ, ಹೆಸರಿನ ಕೊನೆಯಲ್ಲಿ ಒಂದು ಕತ್ತರಿ. ರಾಯದುರ್ಗದಲ್ಲೂ ಅದೇ, ಮಡಕಶಿರಾದಲ್ಲೂ ಅದೇ. ಗಂಡಸರಿಗೂ ಹೆಂಗಸರಿಗೂ ಅದೇ.

ಬೊಮ್ಮನಹಾಳಿನ ತರಬೇತಿಯಲ್ಲಿ ಅದನ್ನು ಮಾಡಿ ತೋರಿಸಿದೆ. ಖಾಲಿ ಕಾಗದ ಹಿಡಿದು, ತಲೆ ಎತ್ತದೆ, ನಾಲ್ಕು ಹೆಸರು ಕರೆದೆ. ಮೊದಲು ನಕ್ಕರು. ಆಮೇಲೆ ಶಾರದಮ್ಮ, ‘ನನ್ನ ಹಂಗ ಯಾಕ ಮಾಡ್ತೀರಿ?’ ಎಂದರು. ಪಕ್ಕದವರು, ‘ನಿಮ್ದಲ್ರಿ ಅದು, ನಂದು’ ಎಂದರು. ಇನ್ನಿಬ್ಬರು ತಮ್ಮದೆಂದು ಜಗಳಕ್ಕೇ ನಿಂತರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ವಿರೂಪಾಕ್ಷಪ್ಪ ಮೇಷ್ಟ್ರು, ಅವರದು ಅದೇ ಕೊನೆಯ ವರ್ಷ, ಕೈ ಎತ್ತಿದರು.

‘ಅದು ನಿಮ್ಮದ್ಯಾರ್ದೂ ಅಲ್ಲ. ನಮ್ಮ ಮೇಷ್ಟ್ರ ದನಿ. ತೀರಿಕೊಂಡು ಬಾಳ ವರ್ಷ ಆತು ಅವರು.’

‘ಅವರಿಗೆ ಯಾರು ಕಲಿಸಿದ್ರಿ?’ ಎಂದು ತಮಾಷೆಗೆ ಕೇಳಿದೆ.

‘ಅವರ ಮೇಷ್ಟ್ರು. ಅವರು ಒಬ್ಬ ಬಿಳೀ ದೊರೆ ಕೈಕೆಳಗ ಇದ್ರಂತ. ಆ ದೊರೆ ತಲಿ ಎತ್ತಿ ಯಾರ ಮುಖಾನೂ ನೋಡ್ತಿರಲಿಲ್ಲಂತ ನಮ್ಮ ಮೇಷ್ಟ್ರು ಹೇಳ್ತಿದ್ರು.’

ಎಂದೋ ಸತ್ತ, ನಾವ್ಯಾರೂ ಕಾಣದ ಒಬ್ಬ ಮನುಷ್ಯನ ಗಂಟಲು, ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಬಂದು, ಬೆಳಿಗ್ಗೆ ಬೆಳಿಗ್ಗೆ ನಮ್ಮ ಮಕ್ಕಳ ಹೆಸರು ಕರೆಯುತ್ತಿದೆ. ಆವತ್ತು ನಾನು ತರಬೇತಿಯನ್ನು ಬೇಗ ಮುಗಿಸಿದೆ. ಎಲ್ಲರೂ ಖುಷಿಯಾಗುತ್ತಾರೆಂದುಕೊಂಡಿದ್ದೆ. ಯಾರೂ ಮೊದಲು ಏಳಲಿಲ್ಲ.

ಮಡಕಶಿರಾ ಕಡೆ ನನ್ನನ್ನು ಹಾಕಿದ್ದು ಅದರ ಮುಂದಿನ ವರ್ಷ. ಅಮರಾಪುರದಿಂದ ಒಳಗೆ, ಬಸ್ಸಿಳಿದು ನಡೆಯಬೇಕಾದ ಒಂದು ಕುರುಬರ ಹಟ್ಟಿ. ಅಲ್ಲಿನ ಶಾಲೆಯ ನರಸಿಂಹಮೂರ್ತಿ ಮೇಷ್ಟ್ರು ತರಬೇತಿಗೆ ಬಂದಿದ್ದರು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಅಲ್ಲಿ ಎಷ್ಟು ನಡೆಯುತ್ತಿದೆ ಎಂದು ನಾನು ನೋಡಿ ಬರಬೇಕಿತ್ತು. ಹೋದದ್ದು ಮಧ್ಯಾಹ್ನ. ಆ ವರ್ಷಗಳಲ್ಲಿ ಆ ಕಡೆಯ ಹಳ್ಳಿಗಳು ಮಧ್ಯಾಹ್ನ ಹೇಗಿರುತ್ತಿದ್ದವು ಎಂದು ಈಗಿನವರಿಗೆ ಹೇಳಬೇಕು. ನಸುಕಿನಲ್ಲೇ ಗಾರ್ಮೆಂಟ್ಸಿನ ವ್ಯಾನು ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ಇನ್ನೂ ಕೆಲವರು ಬೆಂಗಳೂರಿನಲ್ಲೇ ಕೋಣೆ ಮಾಡಿ ಹಬ್ಬಕ್ಕೆ ಮಾತ್ರ ಬರುತ್ತಿದ್ದರು. ಗಂಡಸರು ಕುರಿಯ ಹಿಂದೆ. ಬೆಳಕು ಕಣ್ಣು ಕುಕ್ಕುವಷ್ಟು ಇರುತ್ತಿತ್ತು, ಮನುಷ್ಯರ ಸದ್ದು ಒಂದೂ ಇರುತ್ತಿರಲಿಲ್ಲ. ಬಾಗಿಲುಗಳು ತೆರೆದೇ ಇರುತ್ತಿದ್ದವು. ಒಳಗೆ ಯಾರೋ ಈಗತಾನೇ ಎದ್ದುಹೋದಂತೆ ಬೀಸಣಿಗೆ ಬಿದ್ದಿರುತ್ತಿತ್ತು.

ಮೇಷ್ಟ್ರು ನನ್ನನ್ನು ಕಂಡ ಕೂಡಲೇ ತಮ್ಮ ಒಂದು ಒಳ್ಳೆಯ ಕೆಲಸ ಹೇಳಿಕೊಂಡರು. ಮೂರನೇ ಕ್ಲಾಸಿನಲ್ಲಿ ಭಾಗ್ಯ ಎಂಬ ಹುಡುಗಿ. ತಾಯಿ ಲಕ್ಕಮ್ಮನ ಜೊತೆ ಬೆಂಗಳೂರಿನಲ್ಲಿದ್ದವಳು, ಈ ವರ್ಷ ಅಜ್ಜಿಯ ಹತ್ತಿರ ಬಂದಿದ್ದಾಳೆ. ಕಿವಿ ಕೇಳುವುದಿಲ್ಲ.

‘ಹಾಜರಿ ಕರೆದ್ರೆ ಸುಮ್ನೆ ಕೂತಿರ್ತಾಳೆ ಸಾರ್. ಬೋರ್ಡ್ ಮೇಲೆ ಬರೀತಾ ಏನಾದ್ರೂ ಕೇಳಿದ್ರೆ ಉಸಿರಿಲ್ಲ. ಎದುರಿಗೆ ನಿಂತು ಮಾತಾಡಿದ್ರೆ ಮಾತ್ರ ಎಲ್ಲಾ ಹೇಳ್ತಾಳೆ. ತುಟಿ ನೋಡಿ ತಿಳ್ಕೊಳ್ತಾಳೆ ಪಾಪ, ಬುದ್ಧಿವಂತೆ. ಕಿವಿ ಪರೀಕ್ಷೆ ಕ್ಯಾಂಪಿಗೆ ಕರ್ಕೊಂಡೋಗಿ ತೋರಿಸ್ದೆ. ಅಲ್ಲೂ ಹಂಗೇ ಅಂದ್ರು. ಅನಂತಪುರದಾಗೆ ಕಿವುಡ ಮಕ್ಕಳ ಹಾಸ್ಟೆಲ್ ಸ್ಕೂಲಿಗೆ ಮಾತಾಡಿದೀನಿ. ಮುಂದಿನ ವಾರ ಕಳಿಸಬೇಕು.’

‘ಮನೆಯವರು ಒಪ್ಪಿದ್ರಾ?’

‘ಅಜ್ಜಿ ಒಪ್ಪಲ್ಲ. ಕೇಳಿಸ್ತದೆ ಕೇಳಿಸ್ತದೆ ಅಂತದೆ. ಹಂಗಾದ್ರೆ ಯಾಕೆ ಓ ಅನ್ನಲ್ಲ ಅಂದ್ರೆ ಬಾಯಿ ಬಿಡಲ್ಲ. ಅವರಮ್ಮ ಫೋನಲ್ಲಿ ಅತ್ತುಬಿಟ್ಟು, ನೀವು ಹೇಳ್ದಂಗೆ ಆಗ್ಲಿ ಮೇಷ್ಟ್ರೇ ಅಂದ್ಲು. ನನ್ನ ಹತ್ರಾನೇ ಓದಿದ ಹುಡುಗಿ ಅವಳು.’

ಅಜ್ಜಿಯ ಮನೆ ಶಾಲೆಯ ಪಕ್ಕದಲ್ಲೇ. ನೀರು ಕುಡಿಯುವ ನೆಪದಲ್ಲಿ ಹೋದೆ. ಕರಿಯಮ್ಮಜ್ಜಿ ಜಗಲಿಯ ಮೇಲೆ ಉಣ್ಣೆ ಎಳೆಯುತ್ತಿತ್ತು. ಭಾಗ್ಯ ಊಟದ ತಟ್ಟೆ ತೊಳೆದಿಡಲು ಬಂದಿದ್ದಳು. ಅಷ್ಟರಲ್ಲಿ ಫೋನು ಬಂತು. ಅಜ್ಜಿ ಗುಂಡಿ ಒತ್ತಿ ಕಂಬಳಿಯ ಮೇಲಿಟ್ಟಿತು. ಊಟದ ಬಿಡುವಿನಲ್ಲಿ ಬೆಂಗಳೂರಿನಿಂದ ಲಕ್ಕಮ್ಮ ಮಾಡಿದ್ದಳು.

‘ಭಾಗ್ಯಾ. ಏ ಭಾಗ್ಯಮ್ಮೀ. ಮಾತಾಡೇ ಒಂದ್ಸಲ.’

ಹುಡುಗಿ ಫೋನನ್ನು ನೋಡಿದಳು. ಬಾವಿಯೊಳಗೆ ಇಣುಕುವವರ ಹಾಗೆ ನೋಡಿದಳು. ತುಟಿ ಬಿಗಿದೇ ಇತ್ತು.

‘ನಿಜವಾಗ್ಲೂ ಕಿವಿ ಹೋಯ್ತಾ ಅವ್ವಾ ನನ್ನ ಮಗೀಗೆ?’ ಎಂದಿತು ಆ ದನಿ. ಹಿಂದೆ, ಊಟದ ಸರದಿ ಇನ್ನೂ ಬಾರದವರ ನೂರಾರು ಮಿಷನ್ನುಗಳ ಗುಂಯ್‌ಗುಡುವಿಕೆ. ಅಜ್ಜಿ ಫೋನು ಆರಿಸಿತು. ಭಾಗ್ಯ ಕೊರಳಿನ ಕರಿದಾರವನ್ನು ಮುಟ್ಟಿಕೊಂಡು ಶಾಲೆಗೆ ಓಡಿದಳು. ಲಕ್ಕಮ್ಮನ ದನಿ ಅಷ್ಟರಲ್ಲಾಗಲೇ ನನ್ನ ಗಂಟಲಿಗೆ ಇಳಿದಿತ್ತು. ಇದು ನಾನು ಬೇಕೆಂದು ಮಾಡುವ ಕೆಲಸವಲ್ಲ. ನೆಗಡಿಯ ಹಾಗೆ ಬರುತ್ತದೆ.

ವಾಪಸು ಬಂದು ಮೇಷ್ಟ್ರಿಗೆ, ನಾನು ಹಿಂದಿನ ಕಿಟಕಿಯಿಂದ ಅವಳನ್ನು ಕರೆಯುತ್ತೇನೆ, ನೀವು ಎದುರು ನಿಂತು ಅವಳ ಮುಖ ನೋಡುತ್ತಿರಿ ಎಂದೆ. ಯಾರ ದನಿಯಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಕ್ಕಳು ಕಿಟಕಿಗೆ ಬೆನ್ನು ಹಾಕಿ ಕೂತು ಮಗ್ಗಿ ಬರೆಯುತ್ತಿದ್ದರು. ಹೊರಗೆ ಬಿಸಿಲು ಗೋಡೆಗೆ ಒರಗಿ ನಿಂತಿತ್ತು. ಒಂದು ಕಾಗೆಯೂ ಇರಲಿಲ್ಲ. ನಾನು ಕಿಟಕಿಯ ಸರಳಿಗೆ ಬಾಯಿ ತಂದು ಮೆಲ್ಲಗೆ ಕರೆದೆ.

‘ಭಾಗ್ಯಾ. ಏ ಭಾಗ್ಯಮ್ಮೀ.’

ಬಳಪದ ಸದ್ದು ಒಟ್ಟಿಗೇ ನಿಂತಿತು. ಒಬ್ಬರೂ ತಿರುಗಲಿಲ್ಲ. ಮಕ್ಕಳೆಂದರೆ ಹಿಂದೆ ಒಂದು ಎಲೆ ಬಿದ್ದರೂ ತಿರುಗಬೇಕು. ಆ ಇಡೀ ತರಗತಿ ಬೆನ್ನನ್ನು ನೆಟ್ಟಗೆ ಮಾಡಿ, ಎದುರಿನ ಗೋಡೆಯನ್ನೇ ನೋಡುತ್ತಾ, ಒಂದೇ ಕ್ಷಣದಲ್ಲಿ ಕೈಗಳನ್ನು ಕೊರಳಿಗೆ ಒಯ್ದಿತು. ಎಲ್ಲರ ಕೊರಳಲ್ಲೂ ಕರಿದಾರವಿತ್ತು. ದಾರದಲ್ಲಿ ಮೊಂಡಾದ ಹೊಲಿಗೆ ಮಿಷನ್ ಸೂಜಿ. ತಾಯಂದಿರು ಗಾರ್ಮೆಂಟ್ಸಿನಿಂದ ತಂದು ಅಜ್ಜಿಯರ ಕೈಗೆ ಕೊಟ್ಟದ್ದು, ಅಜ್ಜಿಯರು ಕಟ್ಟಿದ್ದು. ಎಲ್ಲ ಪುಟ್ಟ ಬೆರಳುಗಳೂ ಆ ಕಬ್ಬಿಣವನ್ನು ಹಿಡಿದಿದ್ದವು. ಭಾಗ್ಯಳ ಕತ್ತಿನ ಹಿಂದಿನ ಕೂದಲು ಎದ್ದು ನಿಂತದ್ದು ನನಗೆ ಕಿಟಕಿಯಿಂದ ಕಾಣಿಸಿತು. ಕಿವುಡರ ಕತ್ತಿನಲ್ಲಿ ಹಾಗೆ ಆಗುವುದಿಲ್ಲ.

ಮೇಷ್ಟ್ರ ಕಡೆ ನೋಡಿದೆ. ಅವರಿಗೆ ನಾನು ಕಾಣುತ್ತಿದ್ದೆ, ನನ್ನ ಬಾಯಿ ಆಡಿದ್ದೂ ಕಂಡಿತ್ತು. ಆದರೂ ಅವರ ಮುಖದಲ್ಲಿ ರಕ್ತವಿರಲಿಲ್ಲ. ಅವರ ಬಲಗೈ ಸೊಂಟದ ಬೀಗದ ಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದಿತ್ತು.

ಹೊರಗೆ ಬಂದು ಬೇವಿನ ಮರದಡಿ ಕೂತೆವು. ಅವರೇ ಮೊದಲು ಮಾತಾಡಿದರು.

‘ಲಕ್ಕಮ್ಮನೇ ಬಂದ್ಲು ಅಂದ್ಕೊಂಡೆ.’

‘ಬೀಗದ ಕೈ ಯಾಕೆ ಹಿಡ್ಕೊಂಡ್ರಿ ಸಾರ್?’

ಅವರು ಕೈ ನೋಡಿಕೊಂಡರು. ಇನ್ನೂ ಬಿಟ್ಟಿರಲಿಲ್ಲ. ‘ನಮ್ಮಮ್ಮ ಹೇಳಿಕೊಟ್ಟಿದ್ದು. ಮಟಮಟ ಮಧ್ಯಾಹ್ನ, ಮುಖ ಕಾಣದೆ ಯಾರು ಕರೆದ್ರೂ ಓ ಅನ್ನಬೇಡ, ತಿರುಗಬೇಡ. ಕಬ್ಬಿಣ ಮುಟ್ಕೊ. ನಿನಗೆ ಬೇಕಾದೋರ ದನೀಲೇ ಅದು ಕರೆಯೋದು ಅಂತ. ನಾನು ಇವತ್ತಿಗೂ ರೋಡಲ್ಲಿ ಹಿಂದಿನಿಂದ ಕರೆದ್ರೆ ತಿರುಗಲ್ಲ ಸಾರ್. ನನ್ನ ಹೆಂಡ್ತಿ ಮುಂದೆ ಬಂದು ಮಾತಾಡಿಸ್ಬೇಕು.’

‘ಮತ್ತೆ ಈ ಹುಡುಗಿ ತಿರುಗದೇ ಇದ್ದಾಗ?’

‘ಇಸ್ಕೂಲೊಳಗೆ ಬಂದ್ರೆ ಅದೆಲ್ಲ ನೆನಪಿಗೇ ಬರಲ್ಲ.’ ಆಮೇಲೆ ಅವರೇ ಹೇಳಿದರು, ‘ಕ್ಯಾಂಪಲ್ಲೂ ಬೆನ್ನ ಹಿಂದೆ ನಿಂತು ಕರೆದ್ರು. ತುಟಿ ಕಾಣಬಾರದು ಅಂತ. ನಾನು ಪಕ್ಕದಲ್ಲೇ ಇದ್ದೆ.’

ಉಳಿದ ಮಕ್ಕಳು ಶಾಲೆಯ ಹಾಜರಿಯ ಮಟ್ಟಿಗೆ ರಾಜಿಯಾಗಿದ್ದರು. ಮುಂದೆ ಕೂತು, ತಲೆ ತಗ್ಗಿಸಿದ ಮೇಷ್ಟ್ರ ನೆತ್ತಿಯನ್ನಾದರೂ ನೋಡಿ ಓ ಅನ್ನುತ್ತಿದ್ದರು. ಹೊಸದಾಗಿ ಬಂದವಳು ಭಾಗ್ಯ. ಎಲ್ಲರ ಹಿಂದೆ, ಎತ್ತರದ ಹುಡುಗರ ಮರೆಯಲ್ಲಿ ಕೂರುತ್ತಿದ್ದಳು. ಬೆಂಗಳೂರಿನಲ್ಲಿ ಬೆಳೆದ ಮಗು ಏಮಾರಿಬಿಟ್ಟೀತು ಎಂದು ಅಜ್ಜಿ ಅವಳಿಂದ, ಮಧ್ಯಾಹ್ನ ಮಾತ್ರವಲ್ಲ, ಯಾವ ಹೊತ್ತಿನಲ್ಲೂ ಮುಖ ಕಾಣದೆ ಓ ಅನ್ನುವುದಿಲ್ಲವೆಂದು ಗಟ್ಟಿಯಾಗಿ ಮಾತು ತೆಗೆದುಕೊಂಡಿತ್ತು. ಮಾತು ತೆಗೆದುಕೊಂಡದ್ದನ್ನು ಹೊರಗೆ ಹೇಳಿದರೆ ಕಟ್ಟು ಬಿಚ್ಚಿಹೋಗುತ್ತದೆ, ಅದಕ್ಕೆ ಬಾಯಿ ಬಿಟ್ಟಿರಲಿಲ್ಲ. ಒಟ್ಟಿನಲ್ಲಿ ಹೇಳಿದ ಮಾತು ಕೇಳಿದ್ದಕ್ಕೆ ಒಂದು ಮಗುವನ್ನು ಕಿವುಡಿಯೆಂದು ಅನಂತಪುರಕ್ಕೆ ಕಳಿಸುತ್ತಿದ್ದೆವು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ತರಬೇತಿಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಳ್ಳಬಹುದಿತ್ತು. ಸಂಜೆ ಬಸ್ಸಿಗೆ ಹೊರಟಾಗ ಕರಿಯಮ್ಮಜ್ಜಿ ಜಗಲಿಯಿಂದ ಇಳಿದು ಬಂದು ನನ್ನ ಎದುರಿಗೆ ನಿಂತಿತು.

‘ಮಧ್ಯಾಹ್ನ ಕರೆದೋನು ನೀನೇ ಅಲ್ವಾ?’

‘ಹೌದಜ್ಜಿ.’

‘ಇದನ್ನ ಕೇಳು.’ ಫೋನನ್ನು ನನ್ನ ಕಿವಿಗೆ ಹಿಡಿಯಿತು. ಆ ಕಡೆಯಿಂದ ಬಂದದ್ದು ಬರೀ ಗಾಳಿ. ಆಮೇಲೆ ಆ ಗಾಳಿಯೊಳಗೆ ಮಾತುಗಳಿವೆ ಎಂದು ತಿಳಿಯಿತು. ಲಕ್ಕಮ್ಮ ಪಿಸುಗುಡುತ್ತಿದ್ದಳು. ಊಟ ಮುಗಿಸಿ ಮಿಷನ್ನಿಗೆ ಕೂತಾಗಿನಿಂದ ಗಂಟಲು ಬಿದ್ದುಹೋಗಿದೆ, ಒಂದು ಅಕ್ಷರ ಹೊರಡುತ್ತಿಲ್ಲ. ಸೂಪರ್‌ವೈಸರ್ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಬೈಸಿಕೊಂಡಳಂತೆ.

ಬಟ್ಟೆಯ ದೂಳು ಗಂಟಲಿಗೆ ಹೋಗಿರಬೇಕು ಎಂದೆ. ಗಾರ್ಮೆಂಟ್ಸಿನಲ್ಲಿ ಅದು ಇದ್ದದ್ದೇ. ಅಜ್ಜಿ ವಾದ ಮಾಡಲಿಲ್ಲ.

‘ಇರ್ಬೋದು ಕಣಪ್ಪ. ನೀನು ತಗೊಂಡಿದ್ದು ಮಾತ್ರ ವಾಪಸ್ ಕೊಟ್ಟು ಓಗು. ಮಗೀನ ಮುಂದೆ ನಿಂತ್ಕೊಂಡು, ಮುಖ ತೋರಿಸಿ, ನಿನ್ನ ದನೀಲಿ ಕರಿ. ಅವಳು ಓ ಅಂದ್ರೆ ಅವರಮ್ಮಂದು ಅವರಮ್ಮಂಗೆ ಓಯ್ತದೆ.’

ಭಾಗ್ಯ ಹೊಸ್ತಿಲಲ್ಲಿ ನಿಂತಿದ್ದಳು. ಎದುರಿಗೆ ಹೋಗಿ ಕರೆದೆ. ಹೊರಬಂದದ್ದು ಎಂ.ಇ.ಓ. ಸಾಹೇಬರ ದನಿ. ಹುಡುಗಿ ಕಣ್ಣು ಮಿಟುಕಿಸಲಿಲ್ಲ. ಮತ್ತೆ ಕರೆದೆ, ಕಂಡಕ್ಟರು ಬಂದ. ಮತ್ತೆ ಕರೆದೆ, ವಿರೂಪಾಕ್ಷಪ್ಪನವರ ಮೇಷ್ಟ್ರು, ಆ ದೊರೆ, ತಲೆ ಎತ್ತದವನು. ಹುಡುಗಿಯ ಕೈ ಸೂಜಿಗೆ ಹೋಯಿತು. ಇಷ್ಟು ಜನ ಒಳಗಿದ್ದಾರೆ, ಬಾಡಿಗೆಯಿಲ್ಲದೆ ಕೂತಿದ್ದಾರೆ, ಮನೆಯ ಯಜಮಾನನೇ ಸಿಗುತ್ತಿಲ್ಲ ಎಂದು ತಮಾಷೆ ಮಾಡಬೇಕೆಂದುಕೊಂಡೆ. ಆ ತಮಾಷೆಯೂ ಯಾರದೋ ದನಿಯಲ್ಲೇ ಬರುತ್ತಿತ್ತು.

‘ಅವಸರ ಮಾಡಬ್ಯಾಡ’ ಎಂದಿತು ಅಜ್ಜಿ. ‘ಬಸ್ಸು ಓದ್ರೆ ಇಲ್ಲೇ ಮಲಿಕ್ಕೊ.’

ಎಷ್ಟು ಹೊತ್ತಾಯಿತೋ. ಕೊನೆಗೆ ಒಂದು ತೆಳ್ಳನೆಯ, ಒಡಕಲು ದನಿ ಬಂತು. ದನಿ ಒಡೆಯುವ ವಯಸ್ಸಿನ ಹುಡುಗನದ್ದಿದ್ದ ಹಾಗೆ. ನಾನು ಅದನ್ನು ಎಲ್ಲೂ ಕೇಳಿರಲಿಲ್ಲ.

‘ಭಾಗ್ಯಾ.’

‘ಓ’ ಎಂದಳು.

‘ಇದು ನಿಂದು’ ಎಂದಿತು ಅಜ್ಜಿ. ‘ಜ್ವಾಪಾನ.’

ಮರುದಿನ ಬೆಳಿಗ್ಗೆ ಲಕ್ಕಮ್ಮನ ಗಂಟಲು ಸರಿಯಾಯಿತಂತೆ. ದೂಳೇ ಇರಬೇಕು. ಮುಂದಿನ ಕ್ಯಾಂಪಿಗೆ ಮೇಷ್ಟ್ರು ಅಜ್ಜಿಯನ್ನೂ ಕರೆದುಕೊಂಡು ಹೋದರು. ಕರೆಯುವ ಡಾಕ್ಟರಮ್ಮನನ್ನು ಮೊದಲು ಭಾಗ್ಯಳ ಎದುರು ನಿಲ್ಲಿಸಿ ಮುಖ ತೋರಿಸಿದರು. ಆಮೇಲೆ ಆಕೆ ಹಿಂದೆ ಹೋದರು, ಅಜ್ಜಿ ಎದುರಿಗೆ ಕೂತು ತಲೆಯಾಡಿಸಿತು. ಹುಡುಗಿ ಪಿಸುಮಾತಿಗೂ ಓ ಎಂದಳು. ಡಾಕ್ಟರಮ್ಮ ಆಶ್ಚರ್ಯಪಟ್ಟು, ಯಾವ ಔಷಧಿ ಹಾಕಿದಿರಿ ಎಂದು ಕೇಳಿದರಂತೆ. ಅನಂತಪುರ ತಪ್ಪಿತು. ಮೇಷ್ಟ್ರು ಹಾಜರಿಯನ್ನು ತಲೆ ಎತ್ತಿ, ಒಬ್ಬೊಬ್ಬರ ಮುಖ ನೋಡಿ ಕರೆಯತೊಡಗಿದರು. ಆ ಸತ್ತ ದನಿ ಅವರಿಗೆ ಆಮೇಲೆ ಬರಲಿಲ್ಲ. ಮುಖ ನೋಡುತ್ತಾ ಆ ದನಿಯಲ್ಲಿ ಕರೆಯಲು ಆಗುವುದಿಲ್ಲ, ಬೇಕಾದರೆ ನೀವೇ ಪ್ರಯತ್ನಿಸಿ. ನಾನು ತರಬೇತಿಗಳಲ್ಲಿ ಕಲಿಸಿದ್ದರಲ್ಲಿ ಉಳಿದದ್ದು ಇದೊಂದೇ ಎಂದು ಕಾಣುತ್ತದೆ, ಅದನ್ನೂ ಕಲಿಸಿದ್ದು ನಾನಲ್ಲ.

ಹುದ್ದೆ ಹೋಗುವ ಮುಂಚೆ ಕೊನೆಯ ಸಲ ಆ ಹಟ್ಟಿಗೆ ಹೋಗಿದ್ದೆ. ಭಾಗ್ಯ ಅಷ್ಟರಲ್ಲಿ ಅಮರಾಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಮೇಷ್ಟ್ರ ಮನೆಯಲ್ಲಿ ಊಟ ಮಾಡಿ, ಬಿಸಿಲಲ್ಲಿ ಬಸ್ ಸ್ಟಾಪಿನ ಕಡೆ ನಡೆದೆ. ಎರಡೂ ಕಡೆ ಕಡಲೆಕಾಯಿ ಕಿತ್ತ ಬಯಲು ಹೊಲ, ಅಡಗಿ ನಿಲ್ಲಲು ಒಂದು ಗಿಡವೂ ಇಲ್ಲ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ, ಹತ್ತಿರದಲ್ಲೇ, ಯಾರೋ ಕರೆದರು.

‘ತಿಪ್ಪೇಶೀ.’

ಹಾಗೆ ನನ್ನನ್ನು ಕರೆಯುತ್ತಿದ್ದವಳು ನಮ್ಮ ಅವ್ವ ಒಬ್ಬಳೇ. ಆದರೆ ಅದು ಅವ್ವನ ದನಿಯಲ್ಲ. ತೆಳ್ಳಗೆ, ಒಡಕಲು. ಆವತ್ತು ಅಜ್ಜಿಯ ಜಗಲಿಯಲ್ಲಿ ನನಗೆ ಸಿಕ್ಕ, ನನ್ನದೇ ದನಿ.

ಮತ್ತೆ ಕರೆಯಿತು. ನಾನು ಜೇಬಿಗೆ ಕೈ ಹಾಕಿ ಮನೆಯ ಬೀಗದ ಕೈ ಹಿಡಿದುಕೊಂಡು ನಡೆದೆ. ಓಡಲಿಲ್ಲ. ಓಡಿದ್ದರೆ ಕೇಳಿಸಿತೆಂದು ಅದಕ್ಕೆ ಗೊತ್ತಾಗುತ್ತಿತ್ತು.

ಬಸ್ ಸ್ಟಾಪಿನಲ್ಲಿ ಭಾಗ್ಯ ನಿಂತಿದ್ದಳು, ಹೆಗಲಿಗೆ ಚೀಲ, ನಾನು ಬರುವ ದಾರಿಗೇ ಮುಖ. ಹಾಗಾಗಿ ಕರೆದವಳು ಅವಳಾಗಿರಲು ಸಾಧ್ಯವಿಲ್ಲ. ನನ್ನ ಹಿಂದಿನ ದಾರಿಯನ್ನು ಪೂರ್ತಿ ನೋಡಬಲ್ಲವಳೂ ಅವಳೊಬ್ಬಳೇ. ಅವಳು ಅದನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಕೈ ಕೊರಳಿನ ದಾರದ ಮೇಲಿತ್ತು.

ಬಸ್ಸು ಬರುವವರೆಗೂ ನಾವು ಹಾಗೇ ಎದುರುಬದುರು ನಿಂತೆವು. ಬಾಗಿಲಿಗೆ ಕಾಲಿಟ್ಟಾಗ ಅವಳು ಮೆಲ್ಲಗೆ ಕೇಳಿದಳು.

‘ಸಾರ್, ನಿಮಗೇನಾದ್ರೂ ಕೇಳಿಸ್ತಾ?’

‘ಇಲ್ಲ’ ಎಂದೆ.

‘ನಂಗೂ ಇಲ್ಲ’ ಎಂದಳು.